ಖಜಾನೆಗೆ ಬರೋ ಮುಂಚೆ ವರಹ ಯಾರ್ಯಾರ ಕೈ ದಾಟತ್ತೆ? ಮಧ್ಯಯುಗದ ಸ್ಟ್ರಾಟಜಿ ಗೇಮ್‌ಗೆ ರಾಜಕೀಯ, ಹಣಕಾಸು ತುಂಬೋ ಬಗೆ

ಏಜ್ ಆಫ್ ಎಂಪೈರ್ಸ್ ಆಡ್ಕೊಂಡು ಬೆಳೆದ ನಮ್ಮಂಥೋರಿಗೆ ಒಂದು ಅಭ್ಯಾಸ ಕೂತ್ಬಿಟ್ಟಿದೆ. ಹಳ್ಳಿಯವನು ಗಣೀಲಿ ಚಿನ್ನ ಅಗೀತಾನೆ, ಹೊತ್ಕೊಂಡು ಬಂದು ಹಾಕ್ತಾನೆ, ತಕ್ಷಣ ಸ್ಕ್ರೀನ್ ಮೇಲ್ಗಡೆ ನಂಬರ್ ಏರತ್ತೆ. ಮಧ್ಯದಲ್ಲಿ ಗೌಡ ಇಲ್ಲ, ಶಾನುಭೋಗ ಇಲ್ಲ, ಸುಂಕದ ಕಟ್ಟೆ ಇಲ್ಲ, ಒಬ್ಬನೂ ಒಂದು ಕಾಸು ಹೊಡ್ಕೊಳಲ್ಲ. ಎಂಥಾ ರಾಮರಾಜ್ಯ!

ನಾನು ಎರಡು ವರ್ಷದಿಂದ ಶನಿವಾರ ಭಾನುವಾರ ಕೂತು, ಗೋಡಾಟ್ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್‌ನಲ್ಲಿ ವಿಜಯನಗರದ ಕಾಲದ ಒಂದು ಟರ್ನ್ ಬೇಸ್ಡ್ ಗೇಮ್ ಮಾಡ್ತಿದೀನಿ. ಮೊದಲನೇ ವರ್ಷ ಪೂರ್ತಿ ವೇಸ್ಟ್ ಆಯ್ತು, ಯಾಕಂದ್ರೆ ಡೆಪ್ತ್ ಬೇಕು ಅಂದ್ರೆ ಐಟಂ ಜಾಸ್ತಿ ಮಾಡ್ಬೇಕು ಅನ್ಕೊಂಡು ಮೆಣಸು, ಕಬ್ಬಿಣ, ಹತ್ತಿ, ವಜ್ರ, ಶ್ರೀಗಂಧ ಅಂತ ಹದಿನಾಲ್ಕು ಸರಕು ಹಾಕಿ, ಅದರ ಪಕ್ಕದಲ್ಲಿ ರಾಜಕೀಯ ಅಂತ ಇನ್ನೊಂದು ಟ್ಯಾಬ್ ಮಾಡಿ ಅದರೊಳಗೆ ನಿಷ್ಠೆ ಅಂತ ಒಂದು ಬಾರ್ ಇಟ್ಟೆ. ಆಡಿದ ಫ್ರೆಂಡ್ಸ್ ಎಲ್ಲರೂ ಮೂರನೇ ಟರ್ನ್‌ನಲ್ಲೇ ಲೆಕ್ಕ ಕಂಡುಹಿಡಿದ್ರು, ನಿಷ್ಠೆ ಕಮ್ಮಿ ಆದ್ರೆ ಉಡುಗೊರೆ ಬಟನ್ ಒತ್ತು, ದುಡ್ಡು ಕಮ್ಮಿ ಆದ್ರೆ ತೆರಿಗೆ ಬಟನ್ ಒತ್ತು, ಮುಗೀತು. ಆಮೇಲೆ ಗೊತ್ತಾಗಿದ್ದು, ಹಣಕಾಸು ಬೇರೆ ರಾಜಕೀಯ ಬೇರೆ ಅಂತ ಎರಡು ಡಬ್ಬ ಮಾಡಿದ್ದೇ ತಪ್ಪು, ಒಂದು ವರಹ (ಆಗಿನ ಚಿನ್ನದ ನಾಣ್ಯ) ಹೊಲದಿಂದ ಹೊರಟು ರಾಯರ ಖಜಾನೆ ಸೇರೋವರೆಗೆ ಎಷ್ಟು ಕೈ ದಾಟತ್ತೋ ಆ ಕೈಗಳೇ ರಾಜಕೀಯ. ಈ ಲೇಖನ ಪೂರ್ತಿ ಅದೊಂದೇ ವಿಷಯ. ನೀವು ಸ್ವಂತ ಗೇಮ್ ಮಾಡ್ತಿದ್ರೂ ಸರಿ, ಕ್ರುಸೇಡರ್ ಕಿಂಗ್ಸ್ ಥರದ ಗೇಮ್‌ಗೆ ಮಾಡ್ (ಇರೋ ಗೇಮನ್ನೇ ತಿದ್ದಿ ಸೇರಿಸೋ ಭಾಗ) ಬರೀತಿದ್ರೂ ಸರಿ, ಇದೇ ಕ್ರಮದಲ್ಲಿ ಹೋಗ್ಬಹುದು.

ಸ್ಟೆಪ್ 1: ಅಳ್ಳಾಡ್ತಿರೋ ವರ್ಷ ಹುಡುಕಿ

ವಿಜಯನಗರ ಅಂದ ತಕ್ಷಣ ಎಲ್ಲರೂ 1509ಕ್ಕೆ ಓಡ್ತಾರೆ, ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷ. ಆಟಗಾರನಿಗೆ ಅದು ತುಂಬಾ ಸಲೀಸು. ನಾನು 1485 ತಗೊಂಡೆ. ಸಂಗಮ ವಂಶದವರ ಕೈಲಿ ರಾಜ್ಯ ನಿಲ್ತಿಲ್ಲ, ಚಂದ್ರಗಿರಿ ಕಡೆ ಇದ್ದ ಸಾಳುವ ನರಸಿಂಹ ಬಂದು ಸಿಂಹಾಸನ ಹತ್ತಿದಾನೆ, ಪೂರ್ವದಲ್ಲಿ ಒಡಿಶಾದ ಗಜಪತಿಗಳ ಕಾಟ, ಉತ್ತರದಲ್ಲಿ ಬಹಮನಿಗಳು, ಗೋವಾ ಬಂದರು ಆಗ್ಲೇ ಅವರ ಕೈಗೆ ಹೋಗಿ ಹತ್ತು ವರ್ಷದ ಮೇಲಾಗಿದೆ. ಸಿಂಹಾಸನದ ಮೇಲೆ ಕೂತವನಿಗೇ ‘ನಾನು ಹೇಗೆ ಬಂದ್ನೋ ಇನ್ನೊಬ್ಬನೂ ಹಾಗೇ ಬರಬಹುದು’ ಅಂತ ಗೊತ್ತು. ಇದಕ್ಕಿಂತ ಒಳ್ಳೆ ಟ್ಯುಟೋರಿಯಲ್ ಬೇಕಾ.

ನಿಮ್ಮ ಗೇಮ್ ಯಾವ ದೇಶದ್ದೇ ಆಗ್ಲಿ, ಅಧಿಕಾರ ಈಗಷ್ಟೇ ಕೈ ಬದಲಾಗಿರೋ ವರ್ಷ ನೋಡಿ. ಹೊಸ ರಾಜನಿಗೆ ಹಳೆ ಸಾಲ ಇರತ್ತೆ, ಹಳೆ ಸ್ನೇಹ ಇರತ್ತೆ, ಅವನನ್ನ ಮೇಲಕ್ಕೆ ಎತ್ತಿದೋರು ಕೂಲಿ ಕೇಳೋಕೆ ಬಾಗಿಲಲ್ಲಿ ನಿಂತಿರ್ತಾರೆ, ಅರ್ಧ ಕಥೆ ನೀವು ಬರೆಯೋದೇ ಬೇಡ.

ಸ್ಟೆಪ್ 2: ಕಂಪ್ಯೂಟರ್ ಆಫ್ ಮಾಡಿ, ಒಂದು ವರಹದ ದಾರಿ ಬರೀರಿ

ಒಂದು ಹಾಳೆ ತಗೊಳಿ. ಎಡಗಡೆ ತುದೀಲಿ ಗದ್ದೆ, ಬಲಗಡೆ ತುದೀಲಿ ರಾಯರ ಖಜಾನೆ. ಮಧ್ಯ ಯಾರ್ಯಾರು ಬರ್ತಾರೆ ಅಂತ ಒಂದೊಂದೇ ಚುಕ್ಕೆ ಇಡಿ. ನನ್ನ ಗೇಮ್‌ನಲ್ಲಿ ರೈತ, ಊರ ಗೌಡ, ಲೆಕ್ಕ ಬರೆಯೋ ಸೇನಬೋವ (ಈಗಿನ ಶಾನುಭೋಗರ ಪೂರ್ವಜ ಅನ್ಕೊಳಿ), ಆಮೇಲೆ ಆ ಸೀಮೆಯ ನಾಯಕ, ರಾಜಧಾನೀಲಿರೋ ನಾಯಕನ ಏಜೆಂಟ್, ಕೊನೇಲಿ ಖಜಾನೆ.

ಪ್ರತಿ ಚುಕ್ಕೆ ಪಕ್ಕ ಮೂರು ವಿಷಯ ಬರೀರಿ: ಇವನು ಎಷ್ಟು ಇಟ್ಕೊತಾನೆ, ಏನು ಸುಳ್ಳು ಹೇಳಬಹುದು, ಇವನನ್ನ ತೆಗೆದುಹಾಕಿದ್ರೆ ಏನು ನಿಂತುಹೋಗತ್ತೆ. ಮೂರನೇದು ತುಂಬಾ ಮುಖ್ಯ, ಬಹಳಷ್ಟು ಗೇಮ್‌ಗಳು ಅಲ್ಲೇ ಎಡವೋದು. ಸೇನಬೋವ ಕಳ್ಳ ಅಂತ ಗೊತ್ತಾಗಿ ಕಿತ್ತುಹಾಕಿದ್ರೆ ಯಾವ ಗದ್ದೆ ಯಾರದ್ದು ಅಂತ ಬಲ್ಲವನೇ ಊರಲ್ಲಿ ಇರಲ್ಲ, ಮುಂದಿನ ಎರಡು ವರ್ಷ ಆ ಊರಿನ ಆದಾಯ ಬಿದ್ದುಹೋಗತ್ತೆ. ಕಳ್ಳನೂ ಬೇಕಾದವನೇ ಅನ್ನೋ ಪರಿಸ್ಥಿತಿ ಬಂದಾಗ್ಲೇ ಆಟಗಾರ ಮೌಸ್ ಮೇಲಿಂದ ಕೈ ತೆಗೆದು ಯೋಚನೆ ಮಾಡೋಕೆ ಶುರು ಮಾಡೋದು.

ಎಲ್ಲಾ ಚುಕ್ಕೆಗಳನ್ನೂ ಗೇಮ್‌ಗೆ ಹಾಕ್ಬೇಡಿ. ನಾನು ಕೊನೆಗೆ ಗೌಡ ಮತ್ತು ಸೇನಬೋವ ಇಬ್ಬರನ್ನೂ ಸೇರಿಸಿ ‘ಊರು’ ಅಂತ ಒಂದೇ ಮಾಡ್ದೆ, ಏಜೆಂಟ್‌ನ ತೆಗೆದೇಬಿಟ್ಟೆ. ಸರಕು ಹದಿನಾಲ್ಕರಿಂದ ನಾಲ್ಕಕ್ಕೆ ಇಳೀತು: ವರಹ, ದವಸ, ಕುದುರೆ, ಮನ್ನಣೆ.

ಸ್ಟೆಪ್ 3: ನಾಯಕನ ಹತ್ರ ಎರಡು ಲೆಕ್ಕ ಇರಲಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಗೇಮ್‌ನ ಬೆನ್ನುಮೂಳೆ ಇದೇ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದಾನೆ, ಇನ್ನೂರಕ್ಕೂ ಹೆಚ್ಚು ನಾಯಕರಿದ್ರು, ಅವರೆಲ್ಲರ ಆದಾಯ ಸೇರಿ 120 ಲಕ್ಷ ಪರ್ದಾವ್ (ವರಹಕ್ಕೆ ಅವರು ಇಟ್ಟ ಹೆಸರು), ಅದರಲ್ಲಿ 60 ಲಕ್ಷ ರಾಯರಿಗೆ, ಮಿಕ್ಕಿದ್ದು ಸೈನ್ಯ ಸಾಕೋಕೆ. ಕರಾರು ಸಿಂಪಲ್: ಈ ಸೀಮೆ ನಿಂದು, ವರ್ಷಕ್ಕೆ ಇಷ್ಟು ಕಟ್ಟು, ಇಷ್ಟು ಕಾಲಾಳು ಇಷ್ಟು ಕುದುರೆ ಇಷ್ಟು ಆನೆ ರೆಡಿ ಇಟ್ಟಿರು. ಸಾಳುವ ನಾಯಕ (ಮೇಲಿನ ಸಾಳುವ ನರಸಿಂಹ ಅಲ್ಲ) ಅನ್ನೋ ದೊಡ್ಡ ಕುಳದ ಲೆಕ್ಕ ಕೊಡ್ತಾನೆ ನೋಡಿ, ಆದಾಯ 11 ಲಕ್ಷ, ಮೂರನೇ ಒಂದು ಭಾಗ ರಾಯರಿಗೆ, ಉಳಿದಿದ್ದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕ್ಬೇಕು. ಅದರ ಹಿಂದೆನೇ ಇನ್ನೊಂದು ಮಾತು ಸೇರಿಸ್ತಾನೆ, ಇವನು ಯಾವತ್ತೂ ಪೂರ್ತಿ ಸೈನ್ಯ ಇಡಲ್ಲ, ಹಾಗಾಗಿ ಒಳ್ಳೆ ಲಾಭ ಮಾಡ್ಕೊತಾನೆ ಅಂತ.

ಅಷ್ಟೇ ಸಾಕು, ಗೇಮ್ ಅಲ್ಲೇ ಇದೆ! ಪ್ರತಿ ನಾಯಕನಿಗೂ ಎರಡು ಸೈನ್ಯದ ನಂಬರ್ ಕೊಡಿ, ಒಂದು ಕಾಗದದ ಮೇಲಿನದು, ಇನ್ನೊಂದು ನಿಜದ್ದು. ಆಟಗಾರನಿಗೆ ಕಾಣಿಸೋದು ಕಾಗದದ್ದು ಮಾತ್ರ. ನಾನು ಇಟ್ಕೊಂಡಿರೋ ಸೂತ್ರ ಹೀಗಿದೆ (ಇದು ನನ್ನ ಗೇಮ್ ಲೆಕ್ಕ, ಇತಿಹಾಸ ಅಲ್ಲ): ನಾಯಕನಿಗೆ ‘ಆಸೆ’ ಅಂತ 0ಯಿಂದ 100ರವರೆಗೆ ಒಂದು ಗುಣ, ಆ ನಂಬರನ್ನ 250ರಿಂದ ಭಾಗಿಸಿದ್ರೆ ಬರೋ ಅಷ್ಟು ಪಾಲು ಸೈನ್ಯ ಇಲ್ಲವೇ ಇಲ್ಲ. ಆಸೆ 50 ಇದ್ರೆ ಐದರಲ್ಲಿ ಒಂದು ಪಾಲು ಖೋತಾ, 3,000 ಕುದುರೆ ಅಂತ ಬರೆಸಿದ ಕಡೆ 2,400 ಇರತ್ತೆ. ಒಂದು ಕುದುರೆ ಸವಾರನಿಗೆ ವರ್ಷಕ್ಕೆ ಹತ್ತು ವರಹ ಖರ್ಚು ಅಂತ ಇಟ್ಟಿದೀನಿ, ಅಂದ್ರೆ ಇಲ್ಲದ ಆ 600 ಸವಾರರಿಂದ ವರ್ಷಕ್ಕೆ 6,000 ವರಹ ನಾಯಕನ ಗುಟ್ಟಿನ ಗಂಟಿಗೆ ಹೋಗತ್ತೆ.

ಈ ಗಂಟೇ ಮುಂದಿನ ಎಲ್ಲಾ ರಾಜಕೀಯದ ಬೀಜ. ನಾಯಕ ಅದನ್ನ ಮೂರು ಕಡೆ ಖರ್ಚು ಮಾಡಬಹುದು. ದೇವಸ್ಥಾನಕ್ಕೆ ದತ್ತಿ ಕೊಟ್ಟು ಮನ್ನಣೆ ಗಳಿಸಬಹುದು, ಕೋಟೆ ಭದ್ರ ಮಾಡ್ಕೊಬಹುದು, ಪಕ್ಕದ ನಾಯಕನನ್ನ ದುಡ್ಡು ಕೊಟ್ಟು ತನ್ನ ಕಡೆ ಮಾಡ್ಕೊಬಹುದು. ಕೋಡ್‌ನಲ್ಲಿ ಬಂಡಾಯ ಅಂತ ಬೇರೆ ಏನೂ ಬರೆಯೋ ಅವಶ್ಯಕತೆ ಇಲ್ಲ. ಗಂಟು ದೊಡ್ಡದಾಗಿ, ರಾಯರ ದಂಡು ದೂರದಲ್ಲಿದ್ದು, ಪಕ್ಕದವನು ಸುಮ್ನಿರ್ತಾನೆ ಅಂತ ಗ್ಯಾರಂಟಿ ಆದ ಟರ್ನ್‌ನಲ್ಲಿ ಅವನು ಕಪ್ಪ ಕಳಿಸಲ್ಲ, ಅಷ್ಟೇ. ಮೇಲೆ ಹೇಳಿದ ಸಾಳುವ ನಾಯಕನನ್ನ ಕೃಷ್ಣದೇವರಾಯನ ನಂತರ ಬಂದ ಅಚ್ಯುತರಾಯನ ವಿರುದ್ಧ ಬಂಡೆದ್ದ ಚೆಲ್ಲಪ್ಪ ಅಂತ ಇತಿಹಾಸಕಾರರು ಗುರುತಿಸ್ತಾರೆ, ಅಂದ್ರೆ ಸುಭದ್ರವಾಗಿ ಕೂತಿದ್ದ ಕುಳವೇ ಎದ್ದು ನಿಂತಿದ್ದು. ನಿಷ್ಠೆ ಬಾರ್ ಇಟ್ಟಿದ್ರೆ ಇದು ಯಾವತ್ತೂ ಬರ್ತಿರಲಿಲ್ಲ.

ಕ್ರುಸೇಡರ್ ಕಿಂಗ್ಸ್ 3ಕ್ಕೆ ಮಾಡ್ ಮಾಡೋರಿಗೆ ಒಂದು ಮಾತು, ಅಲ್ಲಿ ಸಾಮಂತರ ಕರಾರಿನಲ್ಲಿ ತೆರಿಗೆ ಎಷ್ಟು ಸೈನ್ಯ ಎಷ್ಟು ಅಂತ ಆಗ್ಲೇ ಇದೆ, ಆದ್ರೆ ಬರೆದಷ್ಟು ಬಂದೇ ಬರತ್ತೆ. ನೀವು ಸೇರಿಸಬೇಕಾದ್ದು ಆ ಬರೆದಿದ್ದಕ್ಕೂ ಬಂದಿದ್ದಕ್ಕೂ ನಡುವಿನ ವ್ಯತ್ಯಾಸ.

ಸ್ಟೆಪ್ 4: ವರ್ಷಕ್ಕೊಂದು ಲೆಕ್ಕದ ದಿನ ಇಡಿ

ತೆರಿಗೆ ಪ್ರತಿ ಟರ್ನ್ ಸ್ವಲ್ಪ ಸ್ವಲ್ಪ ಬರ್ತಾ ಇದ್ರೆ ಯಾರೂ ಅದರ ಕಡೆ ನೋಡಲ್ಲ. ವಿಜಯನಗರದಲ್ಲಿ ಮಹಾನವಮಿ ಇತ್ತು, ಸೆಪ್ಟೆಂಬರ್ ಹೊತ್ತಿನ ಆ ಒಂಬತ್ತು ದಿನದಲ್ಲಿ ನಾಯಕರು ಕಪ್ಪ ಕಟ್ಟಬೇಕಿತ್ತು, ಹಬ್ಬದ ಕೊನೇಲಿ ರಾಯರು ಸೈನ್ಯದ ಪರಿಶೀಲನೆ ಮಾಡ್ತಿದ್ರು. ದಸರಾ ಅಂದ್ರೆ ನಮಗೆ ಜಂಬೂಸವಾರಿ, ಬೊಂಬೆ ಕೂರಿಸೋದು, ಆಗಿನ ನಾಯಕನಿಗೆ ಅದು ಆಡಿಟ್.

ನನ್ನ ಗೇಮ್‌ನಲ್ಲಿ ವರ್ಷಕ್ಕೆ ನಾಲ್ಕು ಟರ್ನ್, ಮೂರು ಟರ್ನ್ ಖರ್ಚು ಮಾತ್ರ, ನಾಲ್ಕನೇದು ಮಹಾನವಮಿ. ಆಗ ಒಂದೇ ಸ್ಕ್ರೀನ್‌ನಲ್ಲಿ ಎಲ್ಲಾ ನಾಯಕರೂ ಒಬ್ಬೊಬ್ಬರಾಗಿ ಬರ್ತಾರೆ, ಬಾರದೇ ಇರೋರ ಜಾಗ ಖಾಲಿ ಇರತ್ತೆ, ಯಾರು ಬಂದಿಲ್ಲ ಅನ್ನೋದು ಯಾರು ಎಷ್ಟು ತಂದ್ರು ಅನ್ನೋದಕ್ಕಿಂತ ಹೆಚ್ಚು ಹೇಳತ್ತೆ. ಸೈನ್ಯ ಎಣಿಸೋದಾ ಬಿಡೋದಾ ಅಂತ ಆಟಗಾರನೇ ನಿರ್ಧಾರ ಮಾಡ್ಬೇಕು. ಎಣಿಸಿದ್ರೆ ನಿಜ ನಂಬರ್ ಗೊತ್ತಾಗತ್ತೆ ಆದ್ರೆ ತುಂಬಿದ ಸಭೇಲಿ ಮಾನ ಹೋಯ್ತು ಅಂತ ಆ ನಾಯಕ ನೆನಪಿಟ್ಕೊತಾನೆ, ಎಣಿಸದೇ ಬಿಟ್ರೆ ಮುಂದಿನ ಯುದ್ಧದಲ್ಲಿ ಗೊತ್ತಾಗತ್ತೆ. ಚಾಲಾಕಿ ನಾಯಕ ಪಕ್ಕದವನ ಹತ್ರ ಎರಡು ದಿನಕ್ಕೆ ಕುದುರೆ ಕಡ ತಂದು ನಿಲ್ಲಿಸ್ತಾನೆ. ಇದಕ್ಕೆ ಮದ್ದು ಇತಿಹಾಸದಲ್ಲೇ ಇದೆ, ದೆಹಲಿಯ ಅಲಾವುದ್ದೀನ್ ಖಿಲ್ಜಿ ಕುದುರೆಗೆ ಬರೆ ಹಾಕಿ ಗುರುತು ಮಾಡಿಸೋ ಪದ್ಧತಿ ತಂದಿದ್ದ. ಗೇಮ್‌ನಲ್ಲಿ ಅದನ್ನ ದುಬಾರಿ ಸುಧಾರಣೆಯಾಗಿ ಇಡಿ, ಹತ್ತು ವರ್ಷ ಆದ್ಮೇಲೆ ಸಿಗೋ ಹಾಗೆ.

ಸ್ಟೆಪ್ 5: ಸ್ವಂತವಾಗಿ ಮಾಡೋಕಾಗದ ಒಂದು ವಸ್ತು ಹುಡುಕಿ

ಅರಬ್ಬಿ ಕುದುರೆ ನಮ್ಮ ಕಡೆ ಹುಟ್ಟಲ್ಲ, ಪರ್ಷಿಯಾ ಕೊಲ್ಲಿಯ ಹೋರ್ಮುಜ್ ಬಂದರಿನ ಕಡೆಯಿಂದ ಹಡಗಲ್ಲಿ ಬರ್ಬೇಕು, ಅದಿಲ್ಲದೆ ಉತ್ತರದವರ ಮುಂದೆ ನಿಲ್ಲೋಕಾಗಲ್ಲ. ಗೋವಾ ಹೋದ ಮೇಲೆ ಸಾಳುವ ನರಸಿಂಹ ತುಳುನಾಡಿನ ಕಡೆ ಹೋಗಿ ಭಟ್ಕಳ, ಹೊನ್ನಾವರ, ಬಾರ್ಕೂರು, ಮಂಗಳೂರು ಬಂದರುಗಳನ್ನ ಹಿಡಿತಕ್ಕೆ ತಗೊಂಡಿದ್ದು ಅದಕ್ಕೇ. ಬಂದರು ಇದ್ರೆ ಸಾಲದು, ವ್ಯಾಪಾರಿ ಬರ್ಬೇಕಲ್ಲ. ಅವನು ಏನು ಮಾಡ್ದ ಅಂದ್ರೆ, ಮೂರು ಕುದುರೆಗೆ ಸಾವಿರ ವರಹ, ಬದುಕಿದ್ರೂ ಸರಿ ಸತ್ತಿದ್ರೂ ಸರಿ! ದಾರೀಲಿ ಸಮುದ್ರದ ಮೇಲೆ ಸತ್ತುಹೋದ್ರೆ ಬರೀ ಬಾಲ ತಂದು ತೋರಿಸಿದ್ರೆ ಸಾಕು, ಪೂರ್ತಿ ದುಡ್ಡು. ಇದೂ ನ್ಯೂನಿಜ್ ಹೇಳಿದ್ದೇ. ಇನ್ಶೂರೆನ್ಸ್ ಅನ್ನೋ ಪದ ಗೊತ್ತಿಲ್ಲದ ಕಾಲದ ಇನ್ಶೂರೆನ್ಸ್, ಅದೂ ಪ್ರೀಮಿಯಂ ಇಲ್ಲದ್ದು.

ನ್ಯೂನಿಜ್ ಇದ್ದಾಗ ಆಳ್ತಿದ್ದ ಅಚ್ಯುತರಾಯನ ಕಾಲದ ಲೆಕ್ಕ ಇನ್ನೂ ಮಜಾ ಇದೆ. ವರ್ಷಕ್ಕೆ 13,000 ಕುದುರೆ ತಗೊಳ್ತಿದ್ದ ಅಂತಾನೆ, ಹೋರ್ಮುಜ್‌ದೂ ನಾಟಿದೂ ಸೇರಿ. ಒಳ್ಳೇದು ಸ್ವಂತ ಲಾಯಕ್ಕೆ, ನಾಟಿ ಕುದುರೆಗಳನ್ನ ಐದಕ್ಕೆ ಸಾವಿರ ವರಹದ ಹಾಗೆ ನಾಯಕರಿಗೆ ಮಾರಾಟ, ಆ ದುಡ್ಡನ್ನ ಅವರು ಸೆಪ್ಟೆಂಬರ್ ಒಳಗೆ ಕಟ್ಟಲೇಬೇಕು, ಕಟ್ಟಿದ ದುಡ್ಡಲ್ಲಿ ಪೋರ್ಚುಗೀಸರ ಅರಬ್ಬಿ ಕುದುರೆ ಬಿಲ್ ಚುಕ್ತಾ. ಖಜಾನೆಯಿಂದ ಒಂದು ಕಾಸು ಹೊರಗೆ ಹೋಗಲ್ಲ. ರೇಷನ್ ಅಂಗಡೀಲಿ ಸಕ್ಕರೆ ಬೇಕಂದ್ರೆ ಸೋಪು ತಗೊಳ್ಳೇಬೇಕು ಅಂತ ಕಟ್ತಿದ್ರಲ್ಲ, ಅದೇ, ಆದ್ರೆ ಇಲ್ಲಿ ಸಕ್ಕರೆ ರಾಯರಿಗೆ, ಸೋಪು ಮಾತ್ರ ನಾಯಕರಿಗೆ.

ಇದನ್ನ ಗೇಮ್‌ಗೆ ಇಳಿಸೋದು ಹೀಗೆ. ಎರಡು ಕಾಲದ ರೇಟನ್ನೂ ಒಟ್ಟಿಗೆ ಬಳಸಿ, ಗೇಮ್ ಅಲ್ವಾ. 300 ಅರಬ್ಬಿ ಕುದುರೆಗೆ ಒಂದು ಲಕ್ಷ ವರಹ ಬೇಕು. ನಾಟಿ ಕುದುರೆ ರಾಯರಿಗೆ 80ಕ್ಕೆ ಸಿಗತ್ತೆ ಅಂತ ಇಟ್ಕೊಳಿ (ಈ 80 ನನ್ನದು), 200ಕ್ಕೆ ಮಾರಿದ್ರೆ ಒಂದಕ್ಕೆ 120 ಉಳೀತು, ಅಂದ್ರೆ ಸುಮಾರು 834 ನಾಟಿ ಕುದುರೆ ನಾಯಕರ ತಲೆಗೆ ಕಟ್ಟಬೇಕು. ಈಗ ಆಟಗಾರನಿಗೆ ಪ್ರಶ್ನೆ ಬರತ್ತೆ, ಯಾರ ತಲೆಗೆ? ಗಂಟು ದೊಡ್ಡದಿರೋ ನಾಯಕನಿಗೆ ಜಾಸ್ತಿ ಕೊಟ್ರೆ ಅವನ ಗಂಟು ಕರಗತ್ತೆ ಸರಿ, ಆದ್ರೆ ಅವನ ಲಾಯದಲ್ಲಿ ಕುದುರೆ ತುಂಬತ್ತೆ, ನಾಳೆ ಅದೇ ಕುದುರೆ ಹತ್ಕೊಂಡು ನಿಮ್ಮ ಮೇಲೇ ಬರ್ತಾನೆ. ಬಡ ನಾಯಕನಿಗೆ ಕಟ್ಟಿದ್ರೆ ಅವನು ಊರಿನವರನ್ನ ಹಿಂಡ್ತಾನೆ. ವಸೂಲಿ ಮತ್ತು ಆಯುಧ ಹಂಚಿಕೆ ಎರಡೂ ಒಂದೇ ಬಟನ್‌ನಲ್ಲಿ ಇರೋದ್ರಿಂದ ಸರಿ ಉತ್ತರ ಅಂತ ಒಂದಿಲ್ಲ.

1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಗೋವಾ ಹಿಡಿದ ಮೇಲೆ ಕುದುರೆ ನಿಮಗೆ ಕೊಡೋದಾ ಬಿಜಾಪುರಕ್ಕೆ ಕೊಡೋದಾ ಅನ್ನೋದು ಪೋರ್ಚುಗೀಸರ ಕೈಗೆ ಬರತ್ತೆ, ಅದನ್ನ ಒಂದು ದೊಡ್ಡ ಈವೆಂಟ್ ಮಾಡಿ. ಹೊರಗಿನ ವ್ಯಾಪಾರಿಗಳಿಗೆ ಒಳ್ಳೆ ಬೆಲೆ, ಉಡುಗೊರೆ, ಸಭೇಲಿ ಜಾಗ ಕೊಟ್ಟು ಒಲಿಸ್ಕೊ, ಇಲ್ಲಾಂದ್ರೆ ಆನೆ ಕುದುರೆ ಶತ್ರು ಪಾಲಾಗತ್ತೆ ಅಂತ ಕೃಷ್ಣದೇವರಾಯನೇ ತನ್ನ ತೆಲುಗು ಕಾವ್ಯದ ರಾಜನೀತಿ ಭಾಗದಲ್ಲಿ ಬರೆದಿದಾನೆ, ಬೇಕಿದ್ರೆ ಲೋಡಿಂಗ್ ಸ್ಕ್ರೀನ್‌ಗೆ ಆ ಸಲಹೆ ಹಾಕಿ.

ಸ್ಟೆಪ್ 6: ಸುಂಕ ಗುತ್ತಿಗೆ

ಇದು ಚಿಕ್ಕದು, ಅರ್ಧ ದಿನದ ಕೆಲಸ. ರಾಜಧಾನಿಯ ಒಂದು ಹೆಬ್ಬಾಗಿಲಿನ ಸುಂಕ ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಹೋಗ್ತಿತ್ತಂತೆ, ದಿನಕ್ಕೆ 2,000 ಹೇರೆತ್ತು ಒಳಗೆ ಬರ್ತಿದ್ವಂತೆ, ಕೋಡಿಲ್ಲದ ಎತ್ತಿಗೆ ಮಾತ್ರ ಸುಂಕ ಇಲ್ಲ. (ಕೋಡಿಲ್ಲದ ಎತ್ತಿಗೆ ಯಾಕೆ ಮಾಫಿ ಅಂತ ಕೇಳ್ಬೇಡಿ, ನನ್ನ ಗೇಮ್‌ನಲ್ಲಿ ಹಾಗೇ ಬಿಟ್ಟಿದೀನಿ, ಆಡೋರಿಗೆ ಅದೇ ಇಷ್ಟ.) ಆಟಗಾರನಿಗೆ ಆಯ್ಕೆ ಕೊಡಿ. ಗುತ್ತಿಗೆ ಕೊಟ್ರೆ ವರ್ಷದ ದುಡ್ಡು ಇವತ್ತೇ ಕೈಗೆ, ಆದ್ರೆ ಗುತ್ತಿಗೆದಾರ ಬಾಯಿಗೆ ಬಂದಷ್ಟು ಕೇಳ್ತಾನೆ, ಊರೊಳಗೆ ದವಸದ ಬೆಲೆ ಏರತ್ತೆ. ಸ್ವಂತ ಅಧಿಕಾರಿ ಇಟ್ರೆ ಬೆಲೆ ನಿಲ್ಲತ್ತೆ, ದುಡ್ಡು ತಡವಾಗಿ ಬರತ್ತೆ, ಸ್ವಲ್ಪ ಸೋರತ್ತೆ. ಯುದ್ಧದ ಹಿಂದಿನ ದಿನ ಯಾವ ರಾಜನೂ ಎರಡನೇದು ಒತ್ತಲ್ಲ, ಅದೇ ನಮಗೆ ಬೇಕಾಗಿರೋದು.

ಸ್ಟೆಪ್ 7: ಕೆರೆ, ದೇವಸ್ಥಾನ, ಮತ್ತೆ ಕಾಯೋದು

ಬಹಳ ಗೇಮ್‌ಗಳಲ್ಲಿ ಜಮೀನು ಅಭಿವೃದ್ಧಿ ಅಂದ್ರೆ 500 ಕೊಟ್ರೆ ನಾಲ್ಕು ಟರ್ನ್ ಆದ್ಮೇಲೆ ಹತ್ತು ಪರ್ಸೆಂಟ್ ಜಾಸ್ತಿ. ಸಪ್ಪೆ. ಕೃಷ್ಣದೇವರಾಯ ಈಗಿನ ಹೊಸಪೇಟೆ ಹತ್ರ ಕಟ್ಟಿಸಿದ ಕೆರೆ ಕಥೆ ನೋಡಿ. ಪಾಯಸ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಕಣ್ಣಾರೆ ನೋಡಿದಾನೆ, ಹದಿನೈದು ಇಪ್ಪತ್ತು ಸಾವಿರ ಜನ ಇರುವೆ ಥರ ಕೆಲಸ ಮಾಡ್ತಿದ್ರಂತೆ, ಏರಿ ಎರಡು ಮೂರು ಸಲ ಒಡೆದುಹೋಯ್ತಂತೆ. ಕಟ್ಟಿ ಮುಗಿದ ಮೇಲೆ ಆ ನೀರಿನ ಜಮೀನನ್ನ ರೈತರಿಗೆ ಒಂಬತ್ತು ವರ್ಷ ತೆರಿಗೆ ಇಲ್ಲದೆ ಬಿಟ್ಟುಕೊಟ್ಟ, ನ್ಯೂನಿಜ್ ಬರೆಯೋ ಹೊತ್ತಿಗೆ ಅಲ್ಲಿಂದ 20,000 ಪರ್ದಾವ್ ಆದಾಯ ಬರ್ತಿತ್ತು.

ಒಂಬತ್ತು ವರ್ಷ ಅಂದ್ರೆ ನನ್ನ ಗೇಮ್‌ನಲ್ಲಿ 36 ಟರ್ನ್. ಆ ಮಾಫಿಯನ್ನ ಆಟಗಾರ ಯಾವಾಗ ಬೇಕಾದ್ರೂ ಮುರೀಬಹುದು, ಬಟನ್ ಯಾವಾಗ್ಲೂ ಅಲ್ಲೇ ಕಾಣ್ತಿರತ್ತೆ. ಐದನೇ ವರ್ಷ ಗಜಪತಿ ಬಂದ, ಖಜಾನೆ ಖಾಲಿ, ಹಸಿರು ಗದ್ದೆ ಕಣ್ಮುಂದೆ ಇದೆ. ಮುರಿದ್ರೆ ದುಡ್ಡು ಬರತ್ತೆ, ಆದ್ರೆ ಆಮೇಲೆ ನೀವು ಎಲ್ಲೇ ಕೆರೆ ಕಟ್ಟಿಸಿದ್ರೂ ರೈತರು ಬರಲ್ಲ, ಕೊಟ್ಟ ಮಾತು ಮುರಿದ ರಾಯ ಅಂತ ಹೆಸರು ಬಿದ್ದಿರತ್ತೆ. ನಮ್ಮ ಗುಂಪಲ್ಲಿ ಮೂರು ಜನ ಮುರಿದ್ರು, ಮೂರೂ ಜನ ನಂಗೆ ಬೈದ್ರು.

ದೇವಸ್ಥಾನವನ್ನ ಬರೀ ಜನರ ಖುಷಿ ಹೆಚ್ಚಿಸೋ ಕಟ್ಟಡ ಮಾಡ್ಬೇಡಿ ಪ್ಲೀಸ್. ತಿರುಪತೀಲಿ ಭಕ್ತರು ಕೊಟ್ಟ ದತ್ತಿ ಹಣದಲ್ಲಿ ದೇವಸ್ಥಾನದ ಹಳ್ಳಿಗಳಲ್ಲಿ ಕಾಲುವೆ ತೋಡಿಸಿ, ಹೆಚ್ಚಿಗೆ ಬಂದ ಬೆಳೇಲಿ ನೈವೇದ್ಯ, ಪ್ರಸಾದ ನಡೆಸ್ತಿದ್ರು ಅಂತ ಶಾಸನಗಳೇ ಹೇಳ್ತಾವೆ. ಅಂದ್ರೆ ಅದು ಬ್ಯಾಂಕೂ ಹೌದು, ನೀರಾವರಿ ಇಲಾಖೆಯೂ ಹೌದು. ಗೇಮ್‌ನಲ್ಲಿ ದೇವಸ್ಥಾನಕ್ಕೆ ಕೊಟ್ಟ ವರಹ ಯುದ್ಧಕ್ಕೆ ವಾಪಸ್ ಸಿಗಲ್ಲ, ಆದ್ರೆ ಬೇರೆ ಯಾರೂ ಅದನ್ನ ಮುಟ್ಟೋಕಾಗಲ್ಲ, ನಾಯಕನೂ ಮುಟ್ಟೋಕಾಗಲ್ಲ. ಗುಟ್ಟಿನ ಗಂಟು ದೊಡ್ಡದಾದ ನಾಯಕನನ್ನ ‘ಒಂದು ಗೋಪುರ ಕಟ್ಟಿಸಪ್ಪ, ನಿನ್ನ ಹೆಸರು ಶಾಸನದಲ್ಲಿ ಹಾಕಿಸೋಣ’ ಅಂತ ಪುಸಲಾಯಿಸೋದು ನನ್ನ ಗೇಮ್‌ನ ಅತೀ ಕಮ್ಮಿ ಖರ್ಚಿನ ಬಂಡಾಯ ನಿವಾರಣೆ.

ಸ್ಟೆಪ್ 8: ಜನಕ್ಕೂ ಕಾಲಿದೆ ಅಂತ ನೆನಪಿಡಿ

ಜನ ಕೋಪ ಬಂದ್ರೆ ದೊಣ್ಣೆ ಹಿಡ್ಕೊಂಡು ಬರ್ತಾರೆ ಅನ್ನೋದೊಂದೇ ಗೇಮ್‌ಗಳಿಗೆ ಗೊತ್ತು. ನಿಜದಲ್ಲಿ ಮೊದಲು ಊರು ಬಿಟ್ಟು ಹೋಗ್ತಾರೆ, ಪಕ್ಕದ ನಾಯಕ ಖುಷಿಯಿಂದ ಜಮೀನು ಕೊಡ್ತಾನೆ. ಹೋಗದೇ ಇದ್ರೆ ಒಗ್ಗಟ್ಟಾಗ್ತಾರೆ. 1429ರಲ್ಲಿ ವಿಜಯನಗರದ ಕೈಕೆಳಗಿದ್ದ ತಮಿಳು ಸೀಮೇಲಿ, ಸದಾ ಜಗಳ ಆಡೋ ಬಲಗೈ ಎಡಗೈ ಜಾತಿ ಪಂಗಡಗಳೇ ತೆರಿಗೆ ಹಿಂಸೆ ತಾಳಲಾರದೆ ಒಟ್ಟಿಗೆ ಸೇರಿ, ಅಧಿಕಾರಿಗಳಿಗೆ ಸಹಕಾರ ಕೊಡಲ್ಲ ಅಂತ ಕಲ್ಲಲ್ಲಿ ಕೆತ್ತಿಸಿಟ್ರು. ಹಾಗಾಗಿ ಎರಡು ನಿಯಮ ಸಾಕು: ತೆರಿಗೆ ಮಿತಿ ಮೀರಿದ್ರೆ ಪ್ರತಿ ಟರ್ನ್ ಒಂದಷ್ಟು ಮನೆ ಪಕ್ಕದ ಸೀಮೆಗೆ ಹೋಗ್ತಾವೆ, ಅಕ್ಕಪಕ್ಕ ಮೂರು ಸೀಮೆ ಒಟ್ಟಿಗೆ ಮಿತಿ ಮೀರಿದ್ರೆ ಮೂರೂ ಕಡೆ ವಸೂಲಿ ಸೊನ್ನೆ.

ಸ್ಟೆಪ್ 9: ಸಿಂಹಾಸನದ ಪಕ್ಕ ನಿಂತೋನು

ಸಾಳುವ ನರಸಿಂಹ 1491ರಲ್ಲಿ ತೀರ್ಕೊಂಡ, ಮಕ್ಕಳು ಚಿಕ್ಕೋರು, ನೋಡ್ಕೊ ಅಂತ ದಂಡನಾಯಕ ತುಳುವ ನರಸ ನಾಯಕನ ಕೈಗೆ ಒಪ್ಪಿಸಿದ್ದ. ನರಸ ನಾಯಕ ಚೆನ್ನಾಗೇ ನೋಡ್ಕೊಂಡ, ಹುಡುಗ ರಾಜನನ್ನ ಪೆನುಕೊಂಡದಲ್ಲಿಟ್ಟು ರಾಜ್ಯ ತಾನು ಆಳಿದ. 1505ಕ್ಕೆ ನರಸನ ಮಗ ವೀರನರಸಿಂಹ ತಾನೇ ರಾಯ ಆದ. ಇಪ್ಪತ್ತು ವರ್ಷದೊಳಗೆ ಎರಡು ವಂಶ ಬದಲು, ಎರಡೂ ಸಲ ಹೊರಗಿನ ಶತ್ರು ಅಲ್ಲ, ಒಳಗೇ ಇದ್ದ ಗಟ್ಟಿಗರು.

ಗೇಮ್‌ನಲ್ಲಿ ಇದಕ್ಕೆ ಮಾಡ್ಬೇಕಾದ್ದು ಇಷ್ಟೇ, ಕೆಲಸ ಕಲಿತವನಿಗೆ ಬಲ ಸಿಗಲಿ. ದಂಡನಾಯಕ ಗೆದ್ದ ಪ್ರತಿ ಯುದ್ಧಕ್ಕೂ ಮನ್ನಣೆ ರಾಯರಿಗೆ ಅರ್ಧ, ಅವನಿಗೆ ಅರ್ಧ. ಬಳಸಿದಷ್ಟೂ ಅವನು ಒಳ್ಳೆಯವನಾಗ್ತಾನೆ, ಒಳ್ಳೆಯವನಾದಷ್ಟೂ ಅಪಾಯ. ಇದಕ್ಕೆ ರಾಯರ ಹತ್ರ ಇರೋ ಒಂದು ಅಸ್ತ್ರ ಕೋಟೆಗಳು, ಆಯಕಟ್ಟಿನ ಕೋಟೆಗಳನ್ನ ಬ್ರಾಹ್ಮಣ ಅಧಿಕಾರಿಗಳ ಕೈಗೆ ಕೊಡು ಅಂತ ಕೃಷ್ಣದೇವರಾಯನ ಅದೇ ರಾಜನೀತಿ ಹೇಳತ್ತೆ. ನಾನು ಇದನ್ನ ಹೀಗೆ ಇಟ್ಟಿದೀನಿ: ಕೋಟೆ ಅಧಿಕಾರಿಗೆ ಸ್ವಂತ ಸೀಮೆ ಇಲ್ಲ, ಗಂಟು ಬೆಳೆಯಲ್ಲ, ಆದ್ರೆ ಸಂಬಳ ಖಜಾನೆಯಿಂದಲೇ ಕೊಡ್ಬೇಕು.

ಸ್ಟೆಪ್ 10: ನಂಬರ್ ಮುಚ್ಚಿಡಿ, ಓಲೆ ತೋರಿಸಿ

ಇಷ್ಟೆಲ್ಲಾ ಮಾಡಿ ಕೊನೇಲಿ ‘ಆಸೆ: 72’ ಅಂತ ಸ್ಕ್ರೀನ್ ಮೇಲೆ ತೋರಿಸಿದ್ರೆ ಎಲ್ಲಾ ನೀರುಪಾಲು. ನನ್ನ ಗೇಮ್‌ನಲ್ಲಿ ನಾಯಕರ ಬಗ್ಗೆ ಗೊತ್ತಾಗೋದು ಅವರು ಕಳಿಸೋ ಓಲೆಗಳಿಂದ ಮಾತ್ರ. ‘ಈ ಸಲ ಮಳೆ ಕೈಕೊಟ್ಟಿದೆ, ಕಪ್ಪ ಸ್ವಲ್ಪ ತಡ ಆಗತ್ತೆ’ ಅಂತ ಒಂದು ಓಲೆ ಬರತ್ತೆ, ಅದು ನಿಜ ಇರಬಹುದು ಸುಳ್ಳೂ ಇರಬಹುದು, ಪಕ್ಕದ ಸೀಮೇಲಿ ಮಳೆ ಆಗಿತ್ತಾ ಅಂತ ಆಟಗಾರ ಮ್ಯಾಪ್ ನೋಡಿ ಯೋಚನೆ ಮಾಡ್ಬೇಕು. ಒಂದು ಟರ್ನ್‌ಗೆ ಮೂರು ಓಲೆಗಿಂತ ಜಾಸ್ತಿ ಬೇಡ, ನಾನು ಎಂಟು ಇಟ್ಟಿದ್ದೆ, ಯಾರೂ ಓದ್ದೆ ಎಲ್ಲಾದಕ್ಕೂ ಓಕೆ ಓಕೆ ಅಂತ ಒತ್ತಿ ಹೋದ್ರು.

ಸ್ಟೆಪ್ 11: ಕೋಡ್ ಬರೆಯೋ ಮುಂಚೆ ಹುಣಸೆ ಬೀಜದಲ್ಲಿ ಆಡಿ

ಕ್ರಮದ ಪ್ರಕಾರ ಇದು ಸ್ಟೆಪ್ 3ರ ಪಕ್ಕದಲ್ಲೇ ಬರ್ಬೇಕಿತ್ತು, ನಾನು ಕೊನೇಲಿ ಮಾಡಿ ಕೈ ಸುಟ್ಕೊಂಡೆ ಅದಕ್ಕೆ ಕೊನೇಲಿ ಬರೀತಿದೀನಿ. ಐದು ಜನ ಕೂತ್ಕೊಳಿ, ಒಬ್ಬ ರಾಯ, ಮೂರು ಜನ ನಾಯಕರು, ಒಬ್ಬ ಭಟ್ಕಳದ ಕುದುರೆ ವ್ಯಾಪಾರಿ. ಹುಣಸೆ ಬೀಜ ವರಹ, ಕವಡೆ ಕುದುರೆ, ನಾಯಕರ ಗುಟ್ಟಿನ ಗಂಟಿಗೆ ಒಂದೊಂದು ಸ್ಟೀಲ್ ಡಬ್ಬಿ. ಎರಡು ಗಂಟೇಲಿ ಎಂಟು ವರ್ಷ ಆಡಬಹುದು. ರಾಯ ಆದವನು ಡಬ್ಬಿ ಅಲ್ಲಾಡಿಸಿ ಸದ್ದು ಕೇಳೋ ಹಾಗಿಲ್ಲ ಅಂತ ಮೊದ್ಲೇ ಹೇಳ್ಬಿಡಿ.

ನಮ್ಮನೇಲಿ ಆಡಿದಾಗ ನಾಯಕರೆಲ್ಲಾ ಸುಮಾರಾಗಿ ನ್ಯಾಯವಾಗೇ ಇದ್ರು, ಗೇಮ್ ಮುರಿದಿದ್ದು ವ್ಯಾಪಾರಿ. ಸತ್ತ ಕುದುರೆಗೂ ಪೂರ್ತಿ ರೇಟು ಅಂತ ಗೊತ್ತಾದ ತಕ್ಷಣ ಆ ಪುಣ್ಯಾತ್ಮ ಬದುಕಿರೋ ಕುದುರೆ ತರೋದನ್ನೇ ನಿಲ್ಲಿಸ್ಬಿಟ್ಟ, ಮೇವಿಲ್ಲ ನೀರಿಲ್ಲ ಹಡಗಲ್ಲಿ ಜಾಗನೂ ಬೇಡ, ಒಂದೊಂದು ಟ್ರಿಪ್‌ಗೂ ಹನ್ನೆರಡು ಬಾಲ. ನಾಲ್ಕನೇ ವರ್ಷಕ್ಕೆ ರಾಯರ ಖಜಾನೇಲಿ ಬೀಜ ಖಾಲಿ, ಲಾಯದಲ್ಲಿ ಒಂದೂ ಕವಡೆ ಇಲ್ಲ. ಈಗ ಹಡಗಿಗೆ ಐದು ಕುದುರೆಗೊಂದು ಬಾಲ ಅಂತ ಮಿತಿ ಹಾಕಿದೀನಿ, ಅದಕ್ಕಿಂತ ಜಾಸ್ತಿ ತಂದ್ರೆ ಬಂದರಿನ ಅಧಿಕಾರಿ ದಾಳ ಉರುಳಿಸ್ತಾನೆ, ಆ ಅಧಿಕಾರಿಗೂ ಒಂದು ಸ್ಟೀಲ್ ಡಬ್ಬಿ ಕೊಟ್ಟಿದೀನಿ.